ಕೇಸರಿಯ ನಾಲ್ಕು ತತ್ತಿ

"ಕೈ ತಗಿ ಅಂದ್ನಿ."

ಆಯಿ ಸುಗಂಧಾಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದಳು. ಸುಗಂಧಾಳ ಬೆರಳುಗಳು ಆಗಲೇ ಪಂಜರದ ಬಾಗಿಲೊಳಗೆ ಹೋಗಿದ್ದವು. ಗೇಣು ದೂರದಲ್ಲಿ, ತೆಂಗಿನ ಚಿಪ್ಪಿನ ಗೂಡಿನಲ್ಲಿ, ಕೇಸರಿ ರೆಕ್ಕೆ ಅಗಲಿಸಿ ಕೂತಿತ್ತು. ಕೇಸರಿ ಎಂದರೆ ಸುಗಂಧಾಳ ಹೆಣ್ಣು ಕ್ಯಾನರಿ, ಪುಟ್ಟ ಸಾಕುಹಕ್ಕಿ. ಅದರ ಹೊಟ್ಟೆಯ ಕೆಳಗೆ ನಾಲ್ಕು ಮೊಟ್ಟೆಗಳಿದ್ದವು.

"ಬಿಡು ಆಯಿ. ಇವತ್ತಿಗಿ ಹತ್ತೊಂಬತ್ತ ದಿನಾ ಆತು."

"ಇಪ್ಪತ್ತೊಂಬತ್ತ ಆಗಲಿ."

"ಹದಿನಾಲ್ಕಕ್ಕ ಮರಿ ಬರಬೇಕು. ಬಂದಿಲ್ಲ. ಬರೂದೂ ಇಲ್ಲ. ತತ್ತಿ ಕೆಟ್ಟಾವ."

"ಒಳಗ ಹೋಗಿ ನೋಡಿ ಬಂದೀಯೇನು?"

ಸುಗಂಧಾ ಕೈ ಕಿತ್ತುಕೊಂಡಳು. ಪಂಜರದ ಬಾಗಿಲು ಟಕ್ ಎಂದು ಮುಚ್ಚಿತು. ಗಂಡು ಹಕ್ಕಿ ಸೋನ್ಯಾ ಹೆದರಿ ಮೇಲಿನ ಕೋಲಿಗೆ ಹಾರಿತು. ಕೇಸರಿ ಮಾತ್ರ ಅಲುಗಲಿಲ್ಲ.

ಆಯಿ ಎಂದರೆ ಸುಗಂಧಾಳ ಅಪ್ಪನ ತಾಯಿ ತಾರಾಬಾಯಿ. ಕಾಗವಾಡದ ಆ ಮನೆಯಲ್ಲಿ ಒಂದು ವಿಷಯದಲ್ಲಿ ಅವಳ ಮಾತೇ ಕೊನೆಯ ಮಾತು. ಯಾವುದರಲ್ಲಿ ಜೀವ ಇದೆ, ಯಾವುದರಲ್ಲಿ ಇಲ್ಲ ಎಂದು ಹೇಳುವವಳು ಅವಳೇ. ದಿನಾ ಬೆಳಿಗ್ಗೆ ಬಾವಿಯ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸುತ್ತಿದ್ದಳು. ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಹುಳುಗಳನ್ನು, ಬಟ್ಟೆ ತಿರುವಿ ಹಾಕಿ ನೀರೆರೆದು ಬಾವಿಗೇ ಬಿಡುತ್ತಿದ್ದಳು. ಜೋಳ ಆರಿಸುವಾಗ ಹುಳು ಸಿಕ್ಕರೆ ಕಾಗದದ ಮೇಲೆ ಕೂರಿಸಿಕೊಂಡು ಅಂಗಳಕ್ಕೆ ಒಯ್ಯುತ್ತಿದ್ದಳು.

ಕ್ಯಾನರಿ ಬಂದಾಗಲೂ ಆಯಿ ಜಗಳ ಮಾಡಿದ್ದಳು. "ಹಾರೂ ಜೀವಾನ ಪಂಜರದಾಗ ಇಡೂದು ಪಾಪ" ಎಂದಿದ್ದಳು. ಹಕ್ಕಿ ಕೊಟ್ಟ ದಶರಥ ಕಾಕಾ, "ಇವು ಪಂಜರದಾಗ ಹುಟ್ಟಿದ್ದೂರಿ. ಹೊರಗ ಬಿಟ್ರ ಎರಡ ದಿನದಾಗ ಕಾಗಿ ಹರೀತಾವ" ಎಂದ ಮೇಲೆ ಸುಮ್ಮನಾದಳು. ಒಂದು ತಿಂಗಳು ಪಂಜರದ ಕಡೆ ತಿರುಗಿಯೂ ನೋಡಲಿಲ್ಲ. ಕೇಸರಿ ಮೊಟ್ಟೆ ಇಟ್ಟ ದಿನ ಮಾತ್ರ ತನ್ನ ಮಣೆಯನ್ನು ತಾನೇ ಎಳೆದುಕೊಂಡು ಬಂದು ಪಂಜರದ ಹತ್ತಿರ ಕೂತಳು. ಬೆಕ್ಕು ಜಗಲಿ ಹತ್ತದಂತೆ ಕಾದದ್ದೂ ಅವಳೇ.

ಅದೆಲ್ಲ ಸರಿ. ಆದರೆ ಈಗ?

"ನಾಲ್ಕರಾಗ ಒಂದರೊಳಗ ಜೀವ ಇದ್ರ?" ಆಯಿ ಕೇಳಿದಳು. "ತಾಯಿ ಕೆಳಗಿಂದ ಕಸಗೊಂಡ ಒಗೀತೀಯೇನು?"

"ಕೇಸರಿ ಸಾಯ್ತೈತಿ. ನಿನ್ನಿ ಮಧ್ಯಾಹ್ನದಿಂದ ಕೆಳಗ ಇಳಿದಿಲ್ಲ."

"ಇಳೀತೈತಿ. ತಾಯಿಗಿ ತಿಳೀತೈತಿ."

"ತಾಯಿಗಿ ಏನೂ ತಿಳಿಯೂದಿಲ್ಲ! ಅದೊಂದ ಹುಚ್ಚ ಹಕ್ಕಿ! ನೀನೂ ಹಂಗ..."

"ಸುಗಂಧಾ!" ಅಡುಗೆಮನೆಯಿಂದ ಅವ್ವ ಕೂಗಿದಳು. "ಆಯಿಗಿ ಹಂಗ ಮಾತಾಡ್ತಾರೇನು? ನಡಿ, ಸಾಲಿಗಿ ಹೊತ್ತಾತು."

ಸುಗಂಧಾ ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಳು. ಬುತ್ತಿ ಡಬ್ಬಿ ಹೊಸ್ತಿಲ ಮೇಲೇ ಉಳಿಯಿತು. ಅವ್ವ ಹಿಂದಿನಿಂದ ಕರೆದದ್ದು ಕೇಳಿಸಿತು. ಕೇಳಿಸಲಿಲ್ಲ ಎನ್ನುವಂತೆ ನಡೆದಳು.

ಆರನೇ ಇಯತ್ತೆಯ ಹುಡುಗರಿಗೆಲ್ಲ ಆ ಮೊಟ್ಟೆಗಳ ಸುದ್ದಿ ಗೊತ್ತಿತ್ತು. ಗೊತ್ತು ಮಾಡಿದವಳು ಸುಗಂಧಾಳೇ. ಮೊದಲನೇ ಮರಿ ಗೆಳತಿ ಸುಂದರಾಗೆ, ಎರಡನೇದು ಮುರಗೆಪ್ಪನಿಗೆ ಎಂದು ಮಾತು ಕೊಟ್ಟಿದ್ದಳು. ಮುರಗೆಪ್ಪ ಅದಕ್ಕಾಗಿ ಒಂದು ನವಿಲುಗರಿಯನ್ನು ಮುಂಗಡ ಕೊಟ್ಟಿದ್ದ. ಹಿಂದಿನ ಭಾನುವಾರ ಹನ್ನೊಂದು ಮಂದಿ ಮನೆಗೇ ಬಂದು, ಒಂದು ತಾಸು ಕೇಸರಿಯ ಬೆನ್ನು ನೋಡಿ ಹೋಗಿದ್ದರು.

ಗಣಿತದ ಸರ್ ಇನ್ನೂ ಬಂದಿರಲಿಲ್ಲ. ಮುರಗೆಪ್ಪ ಬೆಂಚಿನ ಮೇಲೆ ಹತ್ತಿ ನಿಂತ.

"ಏ ಸುಗಂಧಾ, ನನ್ನ ನವಿಲಗರಿ ತಿರಿಗಿ ಕೊಡ."

"ಕೊಡ್ತೀನಿ. ತಡಿ."

"ಎಷ್ಟ ತಡೀಲಿ? ನಮ್ಮ ಕೋಳಿ ಸುದ್ದಾ ಇಪ್ಪತ್ತೊಂದ ದಿನಕ್ಕ ಮರಿ ಮಾಡ್ತೈತಿ. ಅಷ್ಟ ದೊಡ್ಡ ಕೋಳಿ! ನಿಮ್ಮ ಹಕ್ಕಿ ಇರೂದ ಇಷ್ಟು." ಅವನು ಹೆಬ್ಬೆರಳು ತೋರಿಸಿದ. "ಅವು ತತ್ತಿ ಅಲ್ಲಲೇ, ಪೆಪ್ಪರಮಿಂಟ. ಹಕ್ಕಿ ಕುಂತ ಚೀಪಾಕತ್ತೈತಿ."

ಎಲ್ಲರೂ ನಕ್ಕರು.

"ಬಾಯಿ ಮುಚ್ಚ ಮುರಗ್ಯಾ."

"ನನಗ ಕಾರಣ ಗೊತ್ತೈತಿ," ಎಂದ ಮುರಗೆಪ್ಪ. ಸರ್ ಪಾಠ ಹೇಳುವಾಗ ಮಾಡುವಂತೆ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ಇವರು ಜೈನರು. ಇವರ ಮನ್ಯಾಗ ತತ್ತಿ ನಡಿಯಂಗಿಲ್ಲ. ಅದಕ್ಕ ಮರಿ ಅಂಜಿ ಹೊರಗ ಬರವಲ್ದು!"

ಈ ಸಲ ನಗು ಇನ್ನೂ ಜೋರಾಯಿತು. ಸುಗಂಧಾ ಪಕ್ಕಕ್ಕೆ ತಿರುಗಿದಳು. ಸುಂದರಾ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದಳು. ಅವಳ ಭುಜ ಕುಣಿಯುತ್ತಿತ್ತು.

ಮುಂದಿನದನ್ನು ಸುಗಂಧಾ ಯೋಚಿಸಿ ಮಾಡಲಿಲ್ಲ. ಕಂಪಾಸ್ ಪೆಟ್ಟಿಗೆ ಅವಳ ಕೈಯಿಂದ ಹಾರಿತು. ಮುರಗೆಪ್ಪನ ಕಿವಿಯ ಪಕ್ಕ ಬಡಿದು ಕೆಳಗೆ ಬಿತ್ತು. ಅದೇ ಹೊತ್ತಿಗೆ ಸರ್ ಬಾಗಿಲಲ್ಲಿ ನಿಂತಿದ್ದರು.

"ಹೊರಗ," ಎಂದರು ಸರ್. ಅಷ್ಟೇ ಹೇಳಿದ್ದು.

ಆ ತಾಸು ಮುಗಿಯುವವರೆಗೆ ಸುಗಂಧಾ ಹೊರಗೆ ನಿಂತಳು. ಮಧ್ಯಾಹ್ನ ಸುಂದರಾ ತನ್ನ ಬುತ್ತಿ ಬಿಚ್ಚಿ, "ಅರ್ಧ ರೊಟ್ಟಿ ತಗೋ, ನಾ ಬೇಕಂತ ನಗಲಿಲ್ಲ" ಎಂದಳು. ಸುಗಂಧಾ ತಗೊಳ್ಳಲಿಲ್ಲ. ಹೊಟ್ಟೆ ಹಸಿದಿತ್ತು. ಹಸಿವಾದಷ್ಟೂ ಸಿಟ್ಟು ಹೆಚ್ಚುತ್ತಿತ್ತು.

ಸಾಲೆ ಬಿಟ್ಟ ಮೇಲೆ ಅವಳು ಮನೆಗೆ ಹೋಗಲಿಲ್ಲ. ನೇರವಾಗಿ ಮಿರಜ ರಸ್ತೆಯಲ್ಲಿದ್ದ ದಶರಥ ಕಾಕಾನ ಸೈಕಲ್ ಅಂಗಡಿಗೆ ಹೋದಳು. ಅಂಗಡಿಯ ಮುಂದೆ ಟೈರು, ಟ್ಯೂಬು. ಒಳಗೆ ಗೋಡೆಯುದ್ದಕ್ಕೂ ಕ್ಯಾನರಿ ಪಂಜರಗಳು. ಕಾಕಾ ಒಂದು ಗಾಲಿಯನ್ನು ತಿರುಗಿಸಿ, ಅದು ಓಲಾಡುವ ಕಡೆ ತಂತಿ ಬಿಗಿ ಮಾಡುತ್ತಿದ್ದ.

"ಕಾಕಾ, ನೀವ ಕೊಟ್ಟ ಗಂಡ ಹಕ್ಕಿ ಸರಿ ಇಲ್ರಿ."

"ಚಹಾ ಆತೇನ್ರಿ ಕಾಕಾ ಅನ್ನೂದಿಲ್ಲ, ಏನಿಲ್ಲ. ಬಂದ ಕೂಡಲೇ ಜಗಳ!"

"ಮರಿ ಬಂದಿಲ್ರಿ."

ಕಾಕಾ ಅಂಗೈ ಅಡ್ಡ ಇಟ್ಟು ಗಾಲಿ ನಿಲ್ಲಿಸಿದ. "ಎಷ್ಟ ದಿನಾ ಆತು?"

"ಹತ್ತೊಂಬತ್ತ."

"ಕಡೀ ತತ್ತಿ ಇಟ್ಟ ದಿನದಿಂದ?"

"ಹೌದ್ರಿ. ವಹಿಯೊಳಗ ಬರದ ಇಟ್ಟೀನಿ."

"ಮತ್ತ ಇನ್ನೂ ಯಾಕ ಇಟ್ಟೀರಿ? ಹದಿನೇಳ ದಿನದ ಮ್ಯಾಲ ತಗೀಬೇಕು."

"ಆಯಿ ಮುಟ್ಟಾಕ ಬಿಡವಲ್ಲಳ್ರಿ."

ಕಾಕಾ ಎಣ್ಣೆ ಕೈಯಿಂದಲೇ ಗದ್ದ ಕೆರೆದುಕೊಂಡ. "ಹಕ್ಕಿ ತಿನ್ನಾಕತ್ತೈತೇನು?"

"ನಿನ್ನಿಯಿಂದ ಇಲ್ರಿ. ಸೋನ್ಯಾ ಬಾಯಾಗ ಕೊಡಾಕ ಹ್ವಾದ್ರೂ ತಗೊಳವಲ್ದು."

"ಹಂಗಾರ ಇವತ್ತ ತಗೀಬೇಕು. ನಾಳಿ ಅನ್ನಬ್ಯಾಡ. ಕೆಲವು ಹೆಣ್ಣ ಕುಂತ್ವು ಅಂದ್ರ ಏಳೂದ ಇಲ್ಲ. ಕುಂತಲ್ಲೇ ಹೋಗಿಬಿಡ್ತಾವ."

ಸುಗಂಧಾ ಗಾಲಿಯ ತಂತಿಯೊಂದನ್ನು ಹಿಡಿದುಕೊಂಡಳು. "ಮರಿ ಯಾಕ ಬರಲಿಲ್ರಿ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರ?"

"ಗೊತ್ತಿಲ್ಲ ಅಂದ್ರ ಗೊತ್ತಿಲ್ಲವಾ. ಜೋಡಿ ಹೊಸಾದು. ಈ ಸಲ ಥಂಡಿನೂ ಭಾಳ ಇತ್ತು. ಹಕ್ಕಿಗಿ ತಿನ್ನಾಕ ಬೇಯಿಸಿದ ಕೋಳಿ ತತ್ತಿ ಹಾಕಿದ್ದೀಯೇನು?"

"ನಮ್ಮ ಮನ್ಯಾಗ?"

"ಹಾಂ, ಮರತ್ನಿ ನೋಡು. ನೀವು ಜೈನರಲಾ."

"ತತ್ತಿ ಹಾಕಿದ್ರ ಮರಿ ಬರ್ತಿದ್ದೂವೇನ್ರಿ?" ಸುಗಂಧಾ ತಟ್ಟನೆ ಕೇಳಿದಳು. ಕಾಕಾ ಹೌದು ಎನ್ನಲಿ ಎಂದು ಕಾದಳು. ಹೌದು ಎಂದರೆ ತಪ್ಪು ಆಯಿಯದಾಗುತ್ತಿತ್ತು.

"ಹಂಗೇನಿಲ್ಲ. ನಾ ಹಾಕ್ತೀನಲಾ? ಈ ವರ್ಷ ಒಟ್ಟ ನಲವತ್ತೆರಡ ತತ್ತಿ. ಅದ್ರಾಗ ಹದಿನೈದ ಹಾಳಾದೂವು."

"ನಿಮಗ ಸಿಟ್ಟ ಬರೂದಿಲ್ಲೇನ್ರಿ?"

"ಬರ್ತೈತಿ. ಯಾರ ಮ್ಯಾಲ ಹಾಕ್ಲಿ, ಹೇಳು. ಈ ಗಾಲಿ ಮ್ಯಾಲ ಹಾಕ್ಲೇನು?"

ಸುಗಂಧಾ ನಗಲಿಲ್ಲ. ಅವಳ ಮನಸ್ಸಿನಲ್ಲಿ ಸಿಟ್ಟು ಬಂದವರ ಒಂದು ಯಾದಿ ಇತ್ತು. ಆಯಿ, ಮುರಗೆಪ್ಪ, ಸುಂದರಾ, ಸರ್. ಈಗ ದಶರಥ ಕಾಕಾನನ್ನೂ ಸೇರಿಸಿದಳು. ಗೊತ್ತಿಲ್ಲ ಎನ್ನುವವರ ಮೇಲೆ ಅವಳಿಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂತು.

ಕಾಕಾ ಒಳಗೆ ಹೋಗಿ ಒಂದು ಬ್ಯಾಟರಿ ತಂದ. ಅದರ ಗಾಜಿನ ಮೇಲೆ ರಟ್ಟು ಅಂಟಿಸಿದ್ದ. ರಟ್ಟಿನ ನಡುವೆ ಬಟಾಣಿಯಷ್ಟು ತೂತು.

"ಕತ್ತಲ ಖೋಲಿಯೊಳಗ ಹೋಗು. ತತ್ತಿ ಈ ತೂತಿನ ಮ್ಯಾಲ ಹಿಡಿ. ಪೂರಾ ಬೆಳಕ ಹಾಯ್ತಂದ್ರ ಒಳಗ ಏನೂ ಇಲ್ಲ, ಮೊದಲಿಂದಾನೂ ಇರಲಿಲ್ಲ. ಬೆಳದ ಮರಿ ಇತ್ತಂದ್ರ ತತ್ತಿ ತುಂಬ ಕಪ್ಪ ಕಾಣ್ತೈತಿ, ಮ್ಯಾಲ ತುದೀಗಿ ಅಷ್ಟ ಬೆಳಕ. ಸ್ವಲ್ಪ ಕಪ್ಪಿದ್ದು, ಒಂದ ಕಡೆ ಅಂಟಿಕೊಂಡಿತ್ತಂದ್ರ ನಡುವ ಸತ್ತೈತಿ ಅಂತ."

"ನೀವ ಬಂದ ನೋಡ್ರಿ."

"ನಾ ಬಂದ ಹೇಳಿದ್ರ ನಿಮ್ಮ ಆಯಿ ನಂಬೂದಿಲ್ಲ. ತಾನ ನೋಡಬೇಕು ಅವಳು."

ಮನೆಗೆ ಬಂದಾಗ ಹೊತ್ತು ಮುಳುಗಲು ಇನ್ನೂ ಒಂದು ತಾಸಿತ್ತು. ಅವ್ವ ಊಟಕ್ಕೆ ತಯಾರಿ ನಡೆಸಿದ್ದಳು. ಆ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುತ್ತಿರಲಿಲ್ಲ. ಆಯಿ ಪಂಜರದ ಮುಂದೆಯೇ ಇದ್ದಳು.

ಸುಗಂಧಾ ಪಂಜರದೊಳಗೆ ನೋಡಿದಳು. ಕಾಳಿನ ಬಟ್ಟಲು ಬೆಳಿಗ್ಗೆ ತುಂಬಿಸಿದಂತೆಯೇ ಇತ್ತು. ಕೇಸರಿಯ ಕಣ್ಣು ಅರ್ಧ ಮುಚ್ಚಿತ್ತು. ಕುತ್ತಿಗೆಯ ಗರಿ ಕೆದರಿ ನಿಂತಿತ್ತು.

"ಕೆಳಗ ಇಳೀತೇನು?"

ಆಯಿ ಇಲ್ಲ ಎಂದು ತಲೆ ಆಡಿಸಿದಳು.

ಬೆಳಿಗ್ಗೆಯಿಂದ ಒಳಗೆ ಕುದಿಯುತ್ತಿದ್ದದ್ದೆಲ್ಲ ಒಮ್ಮೆಲೇ ಹೊರಗೆ ಬಂತು.

"ನಿನ್ನಿಂದ ಆಯಿ! ಎಲ್ಲಾ ನಿನ್ನಿಂದ! ಹುಳಾ ಉಳಸ್ತಿ. ಇರಿವಿ ಉಳಸ್ತಿ. ಕಣ್ಣಿಗಿ ಕಾಣದ್ದನ್ನೂ ಉಳಸ್ತಿ. ಕಣ್ಣ ಮುಂದ ಕೇಸರಿನ್ನ ಕೊಲ್ಲಾಕತ್ತಿ!"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅವ್ವ ಹೊರಗೆ ಬಂದಳು. ಅವಳ ಕೈ ಮೇಲೆದ್ದಿತ್ತು.

"ಲಕ್ಷ್ಮೀ, ಬಿಡು," ಎಂದಳು ಆಯಿ.

ಆಯಿಯ ಮುಖ ಬಿಳುಪಾಗಿತ್ತು. ಅವಳೂ ಕೂಗುತ್ತಾಳೆ ಎಂದು ಸುಗಂಧಾ ಕಾದಳು. ಕೂಗಿದ್ದರೆ ಇನ್ನೂ ನಾಲ್ಕು ಮಾತು ಹೇಳಬಹುದಿತ್ತು. ಆಯಿ ಕೂಗಲಿಲ್ಲ.

"ಕೈಯಾಗ ಏನದು?"

"ಬ್ಯಾಟರಿ. ದಶರಥ ಕಾಕಾ ಕೊಟ್ಟಾರ. ಇದರ ಮ್ಯಾಲ ತತ್ತಿ ಹಿಡದ್ರ ಒಳಗಿಂದು ಕಾಣ್ತೈತಂತ."

"ಒಡೀದ?"

"ಒಡೀದ."

"ಇದನ್ನ ಮೊದಲ ಯಾಕ ಹೇಳಲಿಲ್ಲ?"

"ನನಗೂ ಇವತ್ತ ಗೊತ್ತಾತು."

ಆಯಿ ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದು ಬಂದಳು. ಸುಗಂಧಾ ಪಂಜರದ ಬಾಗಿಲು ತೆಗೆದಳು. ಅವಳ ಕೈ ಒಳಗೆ ಹೋಗುವ ಮೊದಲೇ ಆಯಿ ಅವಳನ್ನು ಸರಿಸಿದಳು.

"ತಾಯಿ ಕೆಳಗಿಂದು ನಾನ ತಗೀತೀನಿ."

ಆಯಿಗೆ ಅರವತ್ತೆಂಟು ವರ್ಷ. ಅಷ್ಟು ವರ್ಷದಲ್ಲಿ ಅವಳು ಯಾವ ಮೊಟ್ಟೆಯನ್ನೂ ಮುಟ್ಟಿರಲಿಲ್ಲ. ಕೇಸರಿ ಅವಳ ಬೆರಳನ್ನು ಒಮ್ಮೆ ಕುಕ್ಕಿತು. ಎರಡನೇ ಸಲ ಕುಕ್ಕಲಿಲ್ಲ. ಆಯಿ ಒಂದೊಂದಾಗಿ ನಾಲ್ಕನ್ನೂ ಹತ್ತಿ ಹಾಸಿದ ಬಟ್ಟಲಿನಲ್ಲಿ ಇಟ್ಟಳು. ಬಾರೆಹಣ್ಣಿನ ಗಾತ್ರದ, ತಿಳಿನೀಲಿ ಬಣ್ಣದ, ಕಂದು ಚುಕ್ಕೆಯ ಮೊಟ್ಟೆಗಳು.

ಕಾಳಿನ ಕೋಣೆಗೆ ಕಿಟಕಿ ಇರಲಿಲ್ಲ. ಬಾಗಿಲು ಹಾಕಿದರೆ ಹಗಲಲ್ಲೂ ಕತ್ತಲೆ. ಜೋಳದ ಚೀಲಗಳ ನಡುವೆ ಇಬ್ಬರೂ ಕೂತರು. ಸುಗಂಧಾ ಬ್ಯಾಟರಿ ಹಿಡಿದಳು. ಆಯಿ ಮೊದಲನೇ ಮೊಟ್ಟೆಯನ್ನು ತೂತಿನ ಮೇಲೆ ಇಟ್ಟಳು.

ಮೊಟ್ಟೆ ಪುಟ್ಟ ದೀಪದಂತೆ ಬೆಳಗಿತು. ಈ ಕಡೆಯಿಂದ ಆ ಕಡೆಯವರೆಗೆ ಬರೀ ಬೆಳಕು.

ಆಯಿ ಅದನ್ನು ನಿಧಾನವಾಗಿ ಸುತ್ತ ತಿರುಗಿಸಿದಳು. ಸೋಸುವ ಬಟ್ಟೆಯನ್ನು ನೋಡುವಾಗ ಮಾಡುವಂತೆ ಕಣ್ಣು ಕಿರಿದು ಮಾಡಿಕೊಂಡು ನೋಡಿದಳು. "ಇಲ್ಲ," ಎಂದಳು.

ಎರಡನೆಯದು. "ಇಲ್ಲ."

ಮೂರನೆಯದರಲ್ಲೂ ಬರೀ ಬೆಳಕು. "ಇಲ್ಲ."

ಏನೂ ಇರದ ಮೊಟ್ಟೆಗಳ ಮೇಲೆ ಕೇಸರಿ ಹತ್ತೊಂಬತ್ತು ದಿನ ಕೂತಿತ್ತು. ಸುಗಂಧಾಳೂ ದಿನಾ ಎದ್ದು ಮೊದಲು ಅವನ್ನೇ ನೋಡಿದ್ದಳು. "ನಾ ಹೇಳಿದ್ನಿಲ್ಲ?" ಎನ್ನಬೇಕೆಂದು ಬಾಯಿ ತೆರೆದಳು.

ಆಗ ಆಯಿ ನಾಲ್ಕನೆಯದನ್ನು ಇಟ್ಟಳು.

ಒಳಗೆ ಕಪ್ಪು ಇತ್ತು.

ಅದು ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು. ಚಿಪ್ಪಿನ ಒಂದು ಬದಿಗೆ ಅಂಟಿಕೊಂಡಿತ್ತು. ಅದರ ಸುತ್ತ ಕೂದಲೆಳೆಯಂಥ ಒಂದು ಮಸುಕು ಗೆರೆ. ಆಯಿ ಮೊಟ್ಟೆಯನ್ನು ತಿರುಗಿಸಿದಳು. ಕಪ್ಪೂ ಮೊಟ್ಟೆಯ ಜೊತೆಗೇ ತಿರುಗಿತು. ತಾನಾಗಿ ಅಲುಗಲಿಲ್ಲ.

ಆಯಿ ತುಟಿಯಲ್ಲೇ ಣಮೋಕಾರ ಮಂತ್ರ ಹೇಳಲು ಶುರು ಮಾಡಿದಳು. ಒಂಬತ್ತು ಸಲ ಹೇಳಿದಳು. ಹೇಳುವಷ್ಟು ಹೊತ್ತೂ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ. ಸುಗಂಧಾ ಕೂಡ ಉಸಿರು ಹಿಡಿದು ನೋಡಿದಳು. ಅಲುಗು, ಅಲುಗು ಎಂದು ಮನಸ್ಸಿನಲ್ಲೇ ಬೈದಳು.

"ಇದರಾಗ ಇತ್ತು," ಎಂದಳು ಆಯಿ. "ಈಗ ಇಲ್ಲ."

"ಇನ್ನೂ ಸ್ವಲ್ಪ ನೋಡು ಆಯಿ."

"ನೋಡೀನಿ."

"ಒಂದ ದಿನಾ ಇಡೂನು. ಇದೊಂದನ್ನ ಕೇಸರಿ ಕೆಳಗ ಇಡೂನು. ನಾಳಿ ತಗಿಯೂನು."

ಆಯಿ ಕತ್ತಲಲ್ಲಿ ಅವಳ ಕಡೆ ತಿರುಗಿದಳು. "ಮುಂಜಾನಿ ತಗ್ಯಾಕ ಕೈ ಹಾಕಿದ್ದಾಕಿ ನೀನ ಅಲ್ಲೇನು?"

"ಆಗ ನನಗ ಗೊತ್ತಿರಲಿಲ್ಲ."

"ಏನು?"

"ಒಳಗ ಯಾರೋ ಇದ್ರು ಅಂತ."

ಬ್ಯಾಟರಿಯ ಗುಂಡಿಯನ್ನು ಆಯಿಯೇ ಹುಡುಕಿ ಒತ್ತಿದಳು. ಬೆಳಕು ಆರಿತು.

ಬಾವಿಯ ಪಕ್ಕದ ನುಗ್ಗೆ ಮರದ ಬುಡದಲ್ಲಿ, ಒಣಗಿದ ಎಲೆಗಳ ಕೆಳಗೆ, ಆಯಿ ನಾಲ್ಕನ್ನೂ ಬಿಳಿ ಬಟ್ಟೆಯಲ್ಲಿ ಸುತ್ತಿ ಇಟ್ಟಳು. ಸುಗಂಧಾ ಗುದ್ದಲಿ ತಂದಿದ್ದಳು. ಆಯಿ ಬೇಡವೆಂದಳು. ಮಣ್ಣು ಅಗೆದರೆ ಮತ್ತೆ ಯಾವುದಾದರೂ ಹುಳುವಿಗೆ ಪೆಟ್ಟಾಗುತ್ತದೆ.

ಗೂಡನ್ನೂ ತೆಗೆಯದೆ ವಿಧಿ ಇರಲಿಲ್ಲ. ಇಲ್ಲದಿದ್ದರೆ ಕೇಸರಿ ಖಾಲಿ ಗೂಡಿನಲ್ಲೇ ಕೂರುತ್ತಿತ್ತು. ಸುಗಂಧಾ ತೆಂಗಿನ ಚಿಪ್ಪನ್ನು ಬಿಚ್ಚಿ ಹೊರಗೆ ತೆಗೆದಳು. ಕೇಸರಿ ಗೂಡಿದ್ದ ಜಾಗಕ್ಕೆ ಹಾರಿ ತಂತಿಗೆ ಜೋತುಬಿತ್ತು. ಜಾರಿ ಕೆಳಗೆ ಬಂತು. ಮತ್ತೆ ಹಾರಿತು. ಸೋನ್ಯಾ ಹತ್ತಿರ ಬಂದರೆ ಅದನ್ನೂ ಕುಕ್ಕಿ ಓಡಿಸಿತು.

"ಇಲ್ಲಿ ಐತಿ ಕಾಳ! ಇಲ್ಲಿ! ತಿನ್ನಲೇ!" ಸುಗಂಧಾ ಪಂಜರದ ಬದಿಗೆ ಬಡಿದಳು. ಅವಳ ಧ್ವನಿ ಒಡೆಯಿತು. "ಅಲ್ಲಿ ಏನೂ ಇಲ್ಲ! ತಿಳಿಯೂದಿಲ್ಲೇನು ನಿನಗ?"

"ಬೈಬ್ಯಾಡ," ಎಂದಳು ಆಯಿ. "ಅದಕ್ಕೂ ಸಿಟ್ಟ ಬಂದೈತಿ."

ಸುಗಂಧಾಳ ಕೈ ತಂತಿಯ ಮೇಲೆಯೇ ನಿಂತಿತು.

ಅಷ್ಟರಲ್ಲಿ ಹೊತ್ತು ಮುಳುಗಿತ್ತು. ಆ ದಿನ ಆಯಿಯೂ ಉಣ್ಣಲಿಲ್ಲ, ಸುಗಂಧಾಳೂ ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಸುಗಂಧಾ ಎದ್ದು ಪಂಜರಕ್ಕೆ ಓಡಿದಳು. ತಳದ ಕಾಗದದ ಮೇಲೆ ನವಣೆಯ ಹೊಟ್ಟು ಚೆಲ್ಲಿತ್ತು. ಕೇಸರಿ ಬಟ್ಟಲಿನ ಅಂಚಿನಲ್ಲಿ ಕೂತು ಕಾಳು ಒಡೆಯುತ್ತಿತ್ತು. ಸೋನ್ಯಾ ಒಂದು ಕಾಳಿಗೆ ಬಾಯಿ ಹಾಕಿದರೆ ಕಿರ್ರ್ ಎಂದು ಗದರಿಸುತ್ತಿತ್ತು.

"ಅವ್ವಾ! ತಿನ್ನಾಕತ್ತೈತಿ!"

ಅಡುಗೆಮನೆಯಲ್ಲಿ ಅವ್ವ ಮೆಂತ್ಯೆ ಪಲ್ಲೆ ಬಿಡಿಸುತ್ತಿದ್ದಳು. "ನೀನೂ ಬಂದ ತಿನ್ನು. ನಿನ್ನಿ ಇಡೀ ದಿನಾ ಹೊಟ್ಟಿಗಿ ಏನಿಲ್ಲ."

"ಆಯಿದು ಆತೇನು?"

"ಆಯಿಗಿ ಇವತ್ತ ಉಪವಾಸ."

"ಇವತ್ತ ಅಷ್ಟಮಿ ಏನು?"

ಅವ್ವ ಒಂದು ದಂಟು ಮುರಿದು ಬದಿಗಿಟ್ಟಳು. ಸುಗಂಧಾ ಅವಳ ಮುಂದಿದ್ದ ಹಸಿರು ಸೊಪ್ಪನ್ನು ನೋಡಿದಳು. ಅಷ್ಟಮಿ, ಚತುರ್ದಶಿಗೆ ಆ ಮನೆಯಲ್ಲಿ ಹಸಿರು ಪಲ್ಲೆ ಹೆಚ್ಚುತ್ತಿರಲಿಲ್ಲ. ಹಾಗಾದರೆ ಇವತ್ತು ಯಾವ ಉಪವಾಸದ ತಿಥಿಯೂ ಅಲ್ಲ. ನಿನ್ನೆಯದಕ್ಕೆ ಆಯಿ ತಾನಾಗಿ ಹಾಕಿಕೊಂಡ ಉಪವಾಸ ಇದು.

ಜಗಲಿಯಲ್ಲಿ ಆಯಿ ಆಗಷ್ಟೇ ಬಸದಿಯಿಂದ ಬಂದು ಕಣ್ಣು ಮುಚ್ಚಿ ಕೂತಿದ್ದಳು. ಕೈಯಲ್ಲಿ ಜಪಮಾಲೆ ಇತ್ತು. ಬಲಗೈ ಬೆರಳಿನ ತುದಿಯಲ್ಲಿ, ಕೇಸರಿ ಕುಕ್ಕಿದ ಕಡೆ, ಸಣ್ಣದೊಂದು ಕೆಂಪು ಗುರುತಿತ್ತು.

ಸುಗಂಧಾ ಬಾಗಿಲಿನಿಂದಲೇ ಅಡುಗೆಮನೆಗೆ ತಿರುಗಿದಳು.

"ಅವ್ವಾ, ಆಯಿಗಿ ನೀರ ಕಾಸೀಯೇನು?" ಮೆಲ್ಲಗೆ ಕೇಳಿದಳು. ಉಪವಾಸದ ದಿನ ಆಯಿ ಕಾಸಿ ಆರಿಸಿದ ನೀರನ್ನಷ್ಟೇ ಕುಡಿಯುತ್ತಿದ್ದಳು.

"ಈಗ ಇಳಿಸೀನಿ. ಇನ್ನೂ ಸುಡ್ತೈತಿ."

ಸುಗಂಧಾ ಎರಡು ಲೋಟ ತಗೊಂಡಳು. ಬಿಸಿನೀರನ್ನು ಒಂದರಲ್ಲಿ ಬಗ್ಗಿಸಿಕೊಂಡು ಬಂದು, ಸದ್ದಾಗದಂತೆ ಆಯಿಯ ಪಕ್ಕದಲ್ಲಿ ಕೂತಳು. ದೂರದಲ್ಲಿ ಸಾಲೆಯ ಮೊದಲನೇ ಗಂಟೆ ಹೊಡೆಯಿತು. ಅವಳು ಏಳಲಿಲ್ಲ. ನೀರನ್ನು ಒಂದು ಲೋಟದಿಂದ ಇನ್ನೊಂದಕ್ಕೆ, ಅದರಿಂದ ಮತ್ತೆ ಇದಕ್ಕೆ, ಒಂದು ಹನಿಯೂ ಚೆಲ್ಲದಂತೆ ಸುರಿಯುತ್ತ ಆರಿಸತೊಡಗಿದಳು.